ಟ್ರಿಗರ್ ರೀಸೆಟ್ ಆಗ್ತಿಲ್ಲ ಅಂದ್ರೆ ಮೊದಲು ಬೋಲ್ಟ್ ನೋಡಿ

ನಿಮ್ಮ ಸೆಮಿ-ಆಟೋಮ್ಯಾಟಿಕ್ ಬಂದೂಕಲ್ಲಿ ಒಂದು ಗುಂಡು ಹಾರಿದ ಮೇಲೆ ಟ್ರಿಗರ್ ಸತ್ತಂಗಾಗುತ್ತೆ, ಬೋಲ್ಟ್ (ಹಿಂದೆ ಮುಂದೆ ಸರಿದು ಮುಂದಿನ ಗುಂಡು ತುಂಬೋ ಭಾಗ) ಕೈಯಿಂದ ಎಳೆದರೆ ಸರಿಹೋಗುತ್ತೆ ಅಂದಿದ್ದೀರಿ. ಹಾಗಿದ್ರೆ ನನ್ನ ಅನುಮಾನ ಟ್ರಿಗರ್ ಮೇಲಲ್ಲ. ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಅರ್ಧಕ್ಕೇ ವಾಪಸ್ ಬಂದ್ರೆ ಹ್ಯಾಮರ್ (ಹೊಡೆದು ಗುಂಡು ಸಿಡಿಸೋ ಭಾಗ) ಕಾಕ್ ಆಗಲ್ಲ, ಅಂದ್ರೆ ಮುಂದಿನ ಹೊಡೆತಕ್ಕೆ ಸಜ್ಜಾಗಲ್ಲ.

ಮ್ಯಾಗಜಿನ್ ತೆಗೀರಿ, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರೋ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ನಳಿಗೆ ಸುರಕ್ಷಿತ ದಿಕ್ಕಿಗಿರಲಿ. ಟ್ರಿಗರ್ ಒತ್ತಿ ಹಿಡಿದೇ ಬೋಲ್ಟ್ ಪೂರ್ತಿ ಎಳೆದು ಬಿಡಿ, ಆಮೇಲೆ ಟ್ರಿಗರ್ ಮೆಲ್ಲಗೆ ಸಡಿಲಿಸಿ. ‘ಟಿಕ್’ ಅಂದ್ರೆ ಡಿಸ್ಕನೆಕ್ಟರ್ (ಟ್ರಿಗರ್ ಬಿಡೋವರೆಗೂ ಹ್ಯಾಮರನ್ನ ಹಿಡಿದಿಡೋ ಭಾಗ) ಕೆಲಸ ಮಾಡ್ತಿದೆ, ಬೋಲ್ಟ್ ಪೂರ್ತಿ ಹಿಂದೆ ಹೋಗದಿರೋದೇ ತೊಂದರೆ ಇರಬೇಕು. ಆಗ ಮಸಿ ಕಟ್ಟಿದ ಗ್ಯಾಸ್ ದಾರಿ (ಗುಂಡಿನ ಗ್ಯಾಸ್ ಬಂದು ಬೋಲ್ಟನ್ನ ಹಿಂದೆ ತಳ್ಳೋ ದಾರಿ), ಎಣ್ಣೆ ಒಣಗಿದ ಬೋಲ್ಟ್, ಕಡಿಮೆ ಬಲದ ಕಾರ್ಟ್ರಿಜ್ ಕಡೆ ನೋಡಿ. ಶಬ್ದವೇ ಬರದಿದ್ದರೆ ಟ್ರಿಗರ್ ಸ್ಪ್ರಿಂಗ್ ಮುರಿದಿರಬಹುದು, ಇಲ್ಲಾ ಒಳಗೆ ಕೊಳೆ ಕೂತಿರಬಹುದು.

ಡಿಸ್ಕನೆಕ್ಟರನ್ನ ಮಾತ್ರ ಅರದಿಂದ ಉಜ್ಜೋಕೆ ಹೋಗಬೇಡಿ, ಗುಂಡು ತಾನಾಗೇ ಹಾರಿಬಿಟ್ಟೀತು. ಅದು ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡೋರು) ಕೆಲಸ.