ಓದುಗರ ಪ್ರಶ್ನೆ: ಠಾಣೆಯಿಲ್ಲದ ಹಳ್ಳಿಯಲ್ಲಿ ಕಳ್ಳನನ್ನು ಹಿಡಿಯುತ್ತಿದ್ದವರು ಯಾರು?

ಪ್ರಶ್ನೆ: ಮೊದಲನೇ ಎಲಿಜಬೆತ್ ಆಳಿದ ಕಾಲದಲ್ಲಿ (1558–1603) ಇಂಗ್ಲೆಂಡಿನ ಹಳ್ಳಿಗಳಲ್ಲಿ ಪೊಲೀಸರೇ ಇರಲಿಲ್ಲವಂತೆ. ಹಾಗಾದರೆ ಒಬ್ಬ ರೈತನ ಕುರಿ ಕಳವಾದರೆ ಅವನು ಯಾರ ಹತ್ತಿರ ಹೋಗಬೇಕಿತ್ತು?
– ಹಾವೇರಿಯ ಓದುಗರು

ಉತ್ತರ: ಮೊದಲು ಊರಿನ ಕಾನ್‌ಸ್ಟೇಬಲ್ ಹತ್ತಿರ. ಆ ಹೆಸರು ಕೇಳಿ ಸಮವಸ್ತ್ರ ತೊಟ್ಟವನನ್ನು ಕಲ್ಪಿಸಿಕೊಳ್ಳಬೇಡಿ. ಅವನೂ ಅದೇ ಊರಿನ ರೈತ ಅಥವಾ ಕಸುಬುದಾರ. ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಈ ಹೊಣೆ ಅವನ ಹೆಗಲೇರುತ್ತಿತ್ತು. ಕೆಲವೆಡೆ ಮನೆಮನೆಯ ಸರದಿಯಂತೆ, ಕೆಲವೆಡೆ ‘ಲೀಟ್’ ಎಂಬ ಊರ ಕೋರ್ಟು ಆರಿಸಿದಂತೆ. ಸಂಬಳವಿಲ್ಲ. ಹೊಲದ ಕೆಲಸ ಬಿಟ್ಟು ಬರಬೇಕು, ವರ್ಷ ಮುಗಿದ ಮೇಲೆ ತಾನು ಹಿಡಿದುಕೊಟ್ಟವರ ಪಕ್ಕದಲ್ಲೇ ಬದುಕಬೇಕು. ಆ ಕಾಲದ ನ್ಯಾಯದ ಬಲವೂ ದೌರ್ಬಲ್ಯವೂ ಇಲ್ಲೇ ಇದೆ.

ತನಿಖೆ ಮಾತ್ರ ಕುರಿಯ ಒಡೆಯನದೇ. ಯಾರ ಮೇಲೆ ಅನುಮಾನ ಎಂದು ಅವನೇ ಹೇಳಬೇಕು. ಆಮೇಲೆ ಕಾನ್‌ಸ್ಟೇಬಲ್ ಮತ್ತು ಅಕ್ಕಪಕ್ಕದವರು ಸೇರಿ ಆ ಮನೆ ಶೋಧಿಸುತ್ತಿದ್ದರು. ಒಲೆಯ ಮೇಲೆ ಮಾಂಸ ಬೇಯುತ್ತಿದ್ದರೆ ಅದು ಯಾರ ಕುರಿಯೆಂದು ಹೇಳುವುದು ಕಷ್ಟ. ಆದರೆ ಕುರಿಗಳ ಕಿವಿಯಲ್ಲಿ ಒಡೆಯನ ಗುರುತಿನ ಕಚ್ಚು ಇರುತ್ತಿತ್ತು. ಕಿವಿಸಮೇತ ಚರ್ಮ ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಸಿಕ್ಕಿಬಿದ್ದವನನ್ನು ‘ಜಸ್ಟಿಸ್ ಆಫ್ ದಿ ಪೀಸ್’ ಬಳಿಗೆ ಒಯ್ಯುತ್ತಿದ್ದರು. ಇವನು ಆ ಸೀಮೆಯ ದೊಡ್ಡ ಜಮೀನುದಾರ. ವಿಚಾರಣೆ ನಡೆಯುತ್ತಿದ್ದುದು ಹೆಚ್ಚಾಗಿ ಅವನ ಮನೆಯ ಪಡಸಾಲೆಯಲ್ಲೇ. 1554 ಮತ್ತು 1555ರ ಕಾಯಿದೆಗಳು ಅವನ ಕೆಲಸವನ್ನು ಬಿಗಿಗೊಳಿಸಿದ್ದವು. ಆರೋಪಿಯನ್ನೂ ಸಾಕ್ಷಿಗಳನ್ನೂ ಪ್ರಶ್ನಿಸಿ, ಮುಖ್ಯ ಅಂಶಗಳನ್ನು ಎರಡು ದಿನದೊಳಗೆ ಬರಹಕ್ಕಿಳಿಸಬೇಕು. ಗಂಭೀರ ಆರೋಪವಾದರೆ ಒಬ್ಬನೇ ಜಾಮೀನು ಕೊಡುವಂತಿಲ್ಲ, ಇಬ್ಬರು ಜಸ್ಟಿಸ್‌ಗಳು ಒಟ್ಟಿಗೆ ಇರಬೇಕು. ಕುರಿಯ ಒಡೆಯನಿಂದಲೂ ಸಾಕ್ಷಿಗಳಿಂದಲೂ ಮುಚ್ಚಳಿಕೆ ಪಡೆಯುತ್ತಿದ್ದರು: ವಿಚಾರಣೆಯ ದಿನ ಬಾರದಿದ್ದರೆ ಅದರಲ್ಲಿ ಹೇಳಿದ ಮೊತ್ತ ಸರ್ಕಾರಕ್ಕೆ ಬಾಕಿ.

ವ್ಯವಸ್ಥೆ ಕೈಕೊಡುತ್ತಿದ್ದುದೂ ಇಲ್ಲೇ. ಆರೋಪಪಟ್ಟಿ ಬರೆಯುವ ಗುಮಾಸ್ತನ ಶುಲ್ಕ, ಕೌಂಟಿಯ (ಅಂದರೆ ಜಿಲ್ಲೆಯ) ಪಟ್ಟಣಕ್ಕೆ ಹೋಗಿಬರುವ ಖರ್ಚು, ಹೋದ ದಿನಗಳ ಕೆಲಸ, ಎಲ್ಲವೂ ಫಿರ್ಯಾದಿಯ ತಲೆಗೇ. ಹಾಗಾಗಿ ಮಾಲು ವಾಪಸ್ ಪಡೆದು ಸುಮ್ಮನಾದವರು ಬಹಳ. ದಂಡನೆ ತಪ್ಪಿಸುವ ಮಾತಿನ ಮೇಲೆ ಹಾಗೆ ರಾಜಿಯಾಗುವುದು ಅಪರಾಧವೆಂದು ಗೊತ್ತಿದ್ದೂ ರಾಜಿಯಾಗುತ್ತಿದ್ದರು.

ದಾರಿಯಲ್ಲಿ ದರೋಡೆಯಾದರೆ ಕ್ರಮ ಬೇರೆ. ದೋಚಿಸಿಕೊಂಡವನು ಹತ್ತಿರದ ಊರಿಗೆ ಓಡಿ ಕೂಗೆಬ್ಬಿಸಬೇಕು. ಆ ಊರಿನವರು ಬೆನ್ನಟ್ಟಿ, ಮುಂದಿನ ಊರಿಗೆ ಸುದ್ದಿ ಮುಟ್ಟಿಸಬೇಕು. ಇದಕ್ಕೆ ‘ಹ್ಯೂ ಅಂಡ್ ಕ್ರೈ’ ಎಂದು ಹೆಸರು. ಇದರ ಮೂಲ ಕಾಯಿದೆ 1285ರದು. ಕಳ್ಳ ಸಿಗದಿದ್ದರೆ ದರೋಡೆಯಾದ ‘ಹಂಡ್ರೆಡ್’, ಅಂದರೆ ಹಲವು ಹಳ್ಳಿಗಳ ಗುಂಪು, ನಷ್ಟ ತುಂಬಿಕೊಡಬೇಕಿತ್ತು. 1585ರಲ್ಲಿ ಇದನ್ನು ತಿದ್ದಿದರು: ಕಾಲಾಳುಗಳ ಜೊತೆ ಕುದುರೆ ಸವಾರರೂ ಬೆನ್ನಟ್ಟಿದರೆ ಮಾತ್ರ ಅದು ಬೆನ್ನಟ್ಟಿದಂತೆ, ಬೆನ್ನಟ್ಟುವುದರಲ್ಲಿ ಉದಾಸೀನ ಮಾಡಿದ ನೆರೆಯ ಹಂಡ್ರೆಡ್ ಅರ್ಧ ನಷ್ಟ ಹೊರಬೇಕು.

ಪ್ರಶ್ನೆ: ಒಂದು ಶಿಲಿಂಗ್ ಬೆಲೆಯ ವಸ್ತು ಕದ್ದರೂ ಗಲ್ಲು ಎಂಬುದು ನಿಜವೇ?
– ಮೈಸೂರಿನ ವಿದ್ಯಾರ್ಥಿನಿ

ಉತ್ತರ: ಗಡಿ ಇದ್ದದ್ದು ಸರಿಯಾಗಿ 12 ಪೆನ್ಸ್, ಅಂದರೆ ಒಂದು ಶಿಲಿಂಗ್. ಅಷ್ಟು ಅಥವಾ ಅದಕ್ಕಿಂತ ಕಡಿಮೆಯಾದರೆ ಚಾಟಿಯೇಟು. ಒಂದು ಪೆನ್ನಿ ಹೆಚ್ಚಾದರೂ ಕಾನೂನಿನ ಮಾತಿನಲ್ಲಿ ಗಲ್ಲು. ಈ ಗಡಿ ಹಾಕಿ ಶತಮಾನಗಳೇ ಕಳೆದಿದ್ದವು, ಬೆಲೆಗಳು ಏರಿಬಿಟ್ಟಿದ್ದವು. ಎಲಿಜಬೆತ್ ಕಾಲಕ್ಕೆ ಆ ಶಿಲಿಂಗ್ ಸುಮಾರು ಎರಡು ದಿನದ ಕೂಲಿ ಅಷ್ಟೇ. ಆದ್ದರಿಂದಲೇ ಜ್ಯೂರಿಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಜನರ ಗುಂಪಿನ, ಹನ್ನೆರಡು ಮಂದಿ ಎಷ್ಟೋ ಸಲ ಕದ್ದ ಮಾಲಿನ ಬೆಲೆಯನ್ನು 10 ಪೆನ್ಸ್, 11 ಪೆನ್ಸ್ ಎಂದು ಇಳಿಸಿ ಹೇಳುತ್ತಿದ್ದರು. ಆ ಬೆಲೆ ಸುಳ್ಳೆಂದು ಕೋರ್ಟಿನಲ್ಲಿದ್ದ ಎಲ್ಲರಿಗೂ ಗೊತ್ತು. ಆದರೆ ಆ ಒಂದು ಸುಳ್ಳಿನಿಂದ ಒಂದು ಜೀವ ಉಳಿಯುತ್ತಿತ್ತು.

ಇನ್ನೊಂದು ದಾರಿ ಓದು. ಮೊದಲು ಪಾದ್ರಿಗಳಿಗಷ್ಟೇ ಇದ್ದ ರಿಯಾಯಿತಿ, ಓದಬಲ್ಲ ಗಂಡಸರಿಗೆಲ್ಲ ಹಬ್ಬಿತ್ತು. ಅಪರಾಧಿಯ ಕೈಗೆ ಬೈಬಲ್ಲಿನ ಕೀರ್ತನೆಗಳ ಪುಸ್ತಕ ಕೊಡುತ್ತಿದ್ದರು. ರೂಢಿಯಂತೆ ಓದಿಸುತ್ತಿದ್ದುದು 51ನೇ ಕೀರ್ತನೆಯ ಮೊದಲ ವಚನ. ಓದಿದರೆ ಕೊರಳು ಉಳಿಯುತ್ತದೆಯೆಂದು ಅದಕ್ಕೆ ‘ಕೊರಳಿನ ವಚನ’ ಎಂದೇ ಹೆಸರು ಬಿತ್ತು. ಪಾಸಾದವನ ಹೆಬ್ಬೆರಳಿಗೆ ಕಾದ ಕಬ್ಬಿಣದಿಂದ ‘ಟಿ’ ಅಕ್ಷರ ಒತ್ತುತ್ತಿದ್ದರು. ಈ ರಿಯಾಯಿತಿ ಒಮ್ಮೆ ಮಾತ್ರ. ಮುಂದಿನ ಸಲ ಆ ಹೆಬ್ಬೆರಳೇ ಸಾಕ್ಷಿ. 1576ರಿಂದ ನ್ಯಾಯಾಧೀಶ ಬರೆ ಹಾಕಿದ ಮೇಲೆ ಒಂದು ವರ್ಷದವರೆಗೆ ಸೆರೆಗೂ ಹಾಕಬಹುದಿತ್ತು. ಕುರಿ ಕದ್ದವನಿಗೆ ಈ ದಾರಿ ಇತ್ತು, ಕುದುರೆ ಕದ್ದವನಿಗೂ ಜೇಬುಗಳ್ಳನಿಗೂ ಇರಲಿಲ್ಲ. ಹೆಂಗಸರಿಗಂತೂ ಓದು ಬಂದರೂ ಇಲ್ಲ. 1623ರವರೆಗೆ ಅವರಿಗೆ ಇದರ ಪಾಲೇ ಸಿಗಲಿಲ್ಲ. ಬಸುರಿ ಎಂದು ಹೇಳಿಕೊಂಡು, ಹೆಂಗಸರ ಜ್ಯೂರಿ ಪರೀಕ್ಷಿಸಿ ಹೌದೆಂದರೆ ಗಲ್ಲು ಹೆರಿಗೆಯವರೆಗೆ ಮುಂದಕ್ಕೆ ಹೋಗುತ್ತಿತ್ತು. ಒಂದೇ ತಪ್ಪಿಗೆ ಗಂಡಸಿಗೆ ಬರೆ, ಹೆಂಗಸಿಗೆ ಹಗ್ಗ. ಇಷ್ಟು ಘೋರವಾದ ಭೇದವನ್ನು ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಹೋಗುವುದು ಸರಿಯಲ್ಲ.

ತೀರ್ಪಿನ ಮೊದಲೇ ಸತ್ತವರೂ ಇದ್ದಾರೆ. ದೊಡ್ಡ ಮೊಕದ್ದಮೆ ನಡೆಸುವ ನ್ಯಾಯಾಧೀಶರು ಬರುತ್ತಿದ್ದುದು ವರ್ಷಕ್ಕೆ ಎರಡೇ ಸಲ. ಅಲ್ಲಿಯವರೆಗೆ ಆರೋಪಿ ಜೈಲಿನಲ್ಲಿ. ಜೈಲಿನ ಜ್ವರ ಅಲ್ಲಿಂದ ಕೋರ್ಟಿಗೂ ಹಬ್ಬುತ್ತಿತ್ತು. 1577ರಲ್ಲಿ ಆಕ್ಸ್‌ಫರ್ಡಿನ ವಿಚಾರಣೆಯ ಬೆನ್ನಲ್ಲೇ ಹಾಗೆ ರೋಗ ಹರಡಿ, ಪೀಠದಲ್ಲಿದ್ದ ನ್ಯಾಯಾಧೀಶ ರಾಬರ್ಟ್ ಬೆಲ್ ಕೂಡ ತೀರಿಕೊಂಡರು.

ಪ್ರಶ್ನೆ: ಏನೂ ಕದಿಯದ ಅಲೆಮಾರಿಗಳನ್ನೂ ಹೊಡೆಯುತ್ತಿದ್ದರೇ?
– ಕಲಬುರಗಿಯ ಓದುಗರು

ಉತ್ತರ: ಹೌದು. ದುಡಿಯಲು ಶಕ್ತಿಯಿದ್ದೂ ಕೆಲಸವಿಲ್ಲದೆ ತಿರುಗುವುದೇ ಅಪರಾಧವಾಗಿತ್ತು. 1572ರ ಕಾಯಿದೆಯಲ್ಲಿ ಚಾಟಿಯೇಟಿನ ಜೊತೆ ಬಲಗಿವಿಯ ಮೃದ್ವಸ್ಥಿಗೆ ಒಂದು ಅಂಗುಲ ಸುತ್ತಳತೆಯ ಕಾದ ಕಬ್ಬಿಣ ತೂರಿಸುವ ಶಿಕ್ಷೆಯೂ ಇತ್ತು. ಸ್ಥಿತಿವಂತನೊಬ್ಬ ವರ್ಷದ ಆಳಾಗಿ ಇಟ್ಟುಕೊಳ್ಳಲು ಒಪ್ಪಿದರೆ ಮಾತ್ರ ಬಿಡುಗಡೆ. 1593ರಲ್ಲಿ ಕಿವಿ ಸುಡುವುದು ನಿಂತಿತು. 1598ರಿಂದ ಸೊಂಟದ ಮೇಲೆ ಬಟ್ಟೆ ಬಿಚ್ಚಿಸಿ, ರಕ್ತ ಬರುವವರೆಗೆ ಹೊಡೆದು, ಕೈಗೊಂದು ರಹದಾರಿ ಕೊಟ್ಟು ಹುಟ್ಟೂರಿಗೆ ಅಟ್ಟುತ್ತಿದ್ದರು. ಎಲ್ಲಿ, ಯಾವ ದಿನ ಏಟು ಬಿತ್ತು, ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ತಲುಪಬೇಕು ಎಂಬುದೆಲ್ಲ ಅದರಲ್ಲಿರುತ್ತಿತ್ತು. ತಡವಾದರೆ ಮತ್ತೆ ಏಟು. ಹುಟ್ಟೂರು ಗೊತ್ತಿಲ್ಲದವರನ್ನು ಕೊನೆಯದಾಗಿ ಒಂದು ವರ್ಷ ನೆಲೆಸಿದ್ದ ಊರಿಗೆ ಕಳಿಸುತ್ತಿದ್ದರು.