ಲಾಡಿ ಕಟ್ಟುವ ಜಾಗದ ಹುಣ್ಣು

ಓದುಗರು ಕೇಳಿದ್ದು, ಓದುಗರೇ ಹೇಳಿದ್ದು

ಪ್ರಶ್ನೆ: ನಮ್ಮತ್ತೆಗೆ ಅರವತ್ತು ದಾಟಿದೆ. ಸೀರೆ ಬಿಟ್ಟು ಬೇರೇನೂ ಉಟ್ಟವರಲ್ಲ. ಬಲಸೊಂಟದಲ್ಲಿ ಲಂಗದ ಲಾಡಿ ಗಂಟು ಕೂರುವ ಕಡೆ ಮೊದಲಿಂದಲೂ ಬಣ್ಣಗೆಟ್ಟ ಕಲೆ ಇತ್ತು. ಕೆಲವು ತಿಂಗಳಿಂದ ಅಲ್ಲಿ ಹುಣ್ಣಾಗಿ ಮಾಯುತ್ತಿಲ್ಲ. ಚರ್ಮದ ಡಾಕ್ಟರು ಬಯಾಪ್ಸಿ ಮಾಡಿಸಿ ಅಂದಿದ್ದಾರೆ. 'ಚಾಕು ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹಬ್ಬುತ್ತೆ' ಅಂತ ನೆಂಟರು ಹೆದರಿಸಿ ಸೊಪ್ಪು ಅರೆದು ಕಟ್ಟಿಸುತ್ತಿದ್ದಾರೆ. ಅತ್ತೆಗೋ ಆ ಜಾಗ ತೋರಿಸಲಿಕ್ಕೇ ನಾಚಿಕೆ. ಇಂಥದ್ದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ. ಆಪರೇಷನ್ ಆದರೆ ಮುಂದೆ ಸೀರೆ ಉಡಬಹುದಾ?
– ಹೆಸರು ಬೇಡ, ಬೇಲೂರು ತಾಲ್ಲೂಕು

ಉತ್ತರ: ಉಡಬಹುದು ಕಣಮ್ಮ, ನಾನು ಉಡುತ್ತಿದ್ದೀನಿ. ಆದರೆ ಸೀರೆ ಮಾತು ಆಮೇಲೆ. ಮೊದಲು ಬಯಾಪ್ಸಿ ಆಗಲಿ.

ನಾನು ಹಾಸನದಲ್ಲಿ ಟೈಲರ್. ರವಿಕೆ, ಲಂಗ, ಫಾಲು, ಕುಚ್ಚು, ಇವೇ ನನ್ನ ಅನ್ನ. ಮಿಷನ್ ತುಳಿಯುವವಳಿಗೆ ಲಾಡಿ ಬಿಗಿಯಾಗಿಯೇ ಇರಬೇಕು, ಇಲ್ಲದಿದ್ದರೆ ಎದ್ದು ನಿಲ್ಲುವಷ್ಟರಲ್ಲಿ ನೆರಿಗೆ ಕೆಳಗಿಳಿದಿರುತ್ತೆ. ಸೊಂಟದ ಸುತ್ತ ಕಪ್ಪು ಪಟ್ಟಿ ಯಾವ ಹೆಂಗಸಿಗಿಲ್ಲ ಹೇಳಿ? ಅಳತೆ ತೆಗೆಯುವಾಗ ದಿನಾ ನೋಡ್ತೀನಿ. ಅಷ್ಟೇ ಇದ್ದರೆ ಯಾರೂ ಹೆದರಬೇಕಾಗಿಲ್ಲ. ನನಗೆ ಎಡಗಡೆ ಮೊದಲು ಕೆರೆತ, ಆಮೇಲೆ ಹೊಟ್ಟು, ಆಮೇಲೆ ಹುಣ್ಣು. ನಡುವೆ ಹಸಿ, ಸುತ್ತ ಅಂಚು ಮೇಲೆದ್ದು ಗಟ್ಟಿ. ರಾತ್ರಿ ಹಕ್ಕಳೆ ಕಟ್ಟುತ್ತೆ, ಬೆಳಗ್ಗೆ ಲಾಡಿ ಉಜ್ಜಿದರೆ ಕಿತ್ತು ಬಂದು ಲಂಗಕ್ಕೆ ರಕ್ತ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಸೆರಗು ಸರಿಸದೆಯೇ ಹುಳುಕಡ್ಡಿ ಅಂದು ಮುಲಾಮು ಬರೆದುಕೊಟ್ಟರು. ಅದರಿಂದ ಕೆರೆತ ಹೋಯಿತು, ಹುಣ್ಣು ಹೋಗಲಿಲ್ಲ.

ಚರ್ಮದ ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಆ ಅಂಚನ್ನು ಒತ್ತಿ ನೋಡಿದರು. ಆಮೇಲೆ ಕಂಕುಳು, ತೊಡೆಸಂದು ಎರಡನ್ನೂ ತಡಕಿದರು. ಸೊಂಟಕ್ಕೂ ಕಂಕುಳಿಗೂ ಏನು ಸಂಬಂಧ ಅಂತ ಕೇಳಿಯೇಬಿಟ್ಟೆ. ಹೊಕ್ಕುಳ ಮಟ್ಟಕ್ಕಿಂತ ಮೇಲಿನ ಚರ್ಮದ ದುಗ್ಧರಸ, ಅಂದರೆ ಲಿಂಫ್ ಅನ್ನುವ ನೀರು, ಕಂಕುಳಿನ ಲಿಂಫ್ ಗಂಟುಗಳಿಗೆ ಹೋಗುತ್ತಂತೆ, ಕೆಳಗಿನದು ತೊಡೆಸಂದಿಗೆ. ಕ್ಯಾನ್ಸರ್ ಹರಡಿದರೆ ಅದೇ ದಾರಿ ಹಿಡಿಯುತ್ತಂತೆ. ಲಾಡಿ ಕೂರುವುದು ಸರಿಯಾಗಿ ಗಡಿಯಲ್ಲಿ, ಅದಕ್ಕೆ ಎರಡೂ ಕಡೆ ನೋಡಬೇಕು. ನಿಮ್ಮತ್ತೆಗೆ ಎರಡೂ ಕಡೆ ನೋಡಿದ್ದಾರಾ? ಇಲ್ಲದಿದ್ದರೆ ನೀವೇ ಕೇಳಿ.

ಬಯಾಪ್ಸಿ ಅಂದರೆ ಜನ ಏನೇನೋ ಕಲ್ಪಿಸಿಕೊಳ್ತಾರೆ. ಪಕ್ಕದಲ್ಲಿ ಒಂದು ಮರಗಟ್ಟುವ ಇಂಜೆಕ್ಷನ್, ಅದು ಉರಿಯುತ್ತೆ, ಸುಳ್ಳು ಹೇಳಲ್ಲ. ಆಮೇಲೆ ಹುಣ್ಣಿನ ಅಂಚಿನಿಂದ ಚೂರು ಚರ್ಮ ತೆಗೆದು ಫಾರ್ಮಲಿನ್ ಬಾಟಲಿಗೆ ಹಾಕ್ತಾರೆ. ನಡುವಿನಿಂದ ತೆಗೆದರೆ ಬರೀ ಸತ್ತ ಮಾಂಸ ಬಂದೀತು ಅಂತ ಅಂಚಿನಿಂದ. ಅದರಿಂದ ಕ್ಯಾನ್ಸರ್ ಹರಡುವುದಿಲ್ಲ. ಹರಡಿತು ಅನ್ನುವ ಕಥೆ ಎಲ್ಲಿಂದ ಹುಟ್ಟಿದ್ದು ಅಂದರೆ, ನಮ್ಮವರು ಹೋಗುವುದೇ ಗಂಟುಗಳಿಗೆ ಮುಟ್ಟಿದ ಮೇಲೆ. ಅಷ್ಟೊತ್ತಿಗೆ ಪರೀಕ್ಷೆ ಆಗುತ್ತೆ, ರೋಗಿ ಸೊರಗುತ್ತಾರೆ, ಬೈಗುಳ ಸೂಜಿಗೆ. ನಿಮ್ಮ ನೆಂಟರು ಕಟ್ಟಿಸುತ್ತಿರುವ ಸೊಪ್ಪನ್ನು ಇವತ್ತೇ ತೆಗೆಸಿ. ಹಸಿರು ಲೇಪದ ಕೆಳಗೆ ಅಂಚು ಯಾರಿಗೂ ಕಾಣುವುದಿಲ್ಲ, ಸುಟ್ಟ ಹಾಗಾದರೆ ಇನ್ನೂ ಗೊಂದಲ.

ನಾಚಿಕೆಗೆ ನನ್ನ ಹತ್ತಿರ ಉಪಾಯ ಇದೆ. ನೈಟಿಯ ಪಕ್ಕದ ಹೊಲಿಗೆಯನ್ನು ಸೊಂಟದ ನೇರಕ್ಕೆ ಒಂದು ಗೇಣು ಬಿಚ್ಚಿ, ಅಲ್ಲಿ ಪ್ರೆಸ್ ಬಟನ್ ಹಾಕಿ. ಆ ಕಿಂಡಿ ತೆರೆದರೆ ಹುಣ್ಣು ಮಾತ್ರ ಕಾಣುತ್ತೆ, ಮಿಕ್ಕ ಮೈ ಮುಚ್ಚಿಯೇ ಇರುತ್ತೆ. ಲೇಡಿ ಡಾಕ್ಟರ್ ಇರುವ ದಿನ ಕೇಳಿಕೊಂಡು ಹೋಗಿ, ನೀವೂ ಒಳಗೆ ನಿಂತಿರಿ. ಇಂಥದ್ದರಲ್ಲಿ ಮಗನಿಗಿಂತ ಸೊಸೆ ವಾಸಿ.

ನನ್ನ ರಿಪೋರ್ಟಿನಲ್ಲಿ ಬಂದಿದ್ದು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಅಂದರೆ ಚರ್ಮದ ಮೇಲ್ಪದರದ ಕ್ಯಾನ್ಸರ್. ವರ್ಷಗಟ್ಟಲೆ ಉಜ್ಜಿ ಉಜ್ಜಿ ಮಾಯದ ಗಾಯದಲ್ಲೂ, ಹಳೇ ಸುಟ್ಟ ಕಲೆಯಲ್ಲೂ ಇದು ಹುಟ್ಟಬಹುದು. ನಮ್ಮ ದೇಶದ ಡಾಕ್ಟರುಗಳು ಸೊಂಟದ ಈ ಬಗೆಗೆ ಸೀರೆ ಕ್ಯಾನ್ಸರ್ ಅಂತಲೇ ಹೆಸರಿಟ್ಟಿದ್ದಾರೆ, ಪಂಚೆ ಬಿಗಿಯುವ ಗಂಡಸರಲ್ಲೂ ಕಂಡಿದ್ದಾರೆ. 2024ರಲ್ಲಿ ಮಹಾರಾಷ್ಟ್ರ, ಬಿಹಾರದ ಡಾಕ್ಟರುಗಳು ಇಂಥ ಇಬ್ಬರು ಹೆಂಗಸರ ವಿವರವನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ಒಬ್ಬಾಕೆ ಲಂಗವನ್ನೇ ಉಡದೆ ಲುಗಡೆ ಅನ್ನುವ ಕಚ್ಚೆ ಸೀರೆಯನ್ನು ನೇರ ಸೊಂಟಕ್ಕೆ ಬಿಗಿಯುತ್ತಿದ್ದವರು. ಅಂದರೆ ತಪ್ಪು ಲಾಡಿಯದೊಂದೇ ಅಲ್ಲ, ಬಿಗಿತದ್ದು. ಇದು ಅಪರೂಪದ ಕಾಯಿಲೆ. ಆದರೆ ಹಳೇ ಗಾಯದಲ್ಲಿ ಹುಟ್ಟಿದ್ದು ಬಿಸಿಲಿಂದ ಬರುವ ಇದೇ ಜಾತಿಯ ಕ್ಯಾನ್ಸರಿಗಿಂತ ಬೇಗ ಗಂಟುಗಳಿಗೆ ಹೋಗುತ್ತೆ, ಹಾಗಾಗಿ ತಡ ಮಾಡುವ ಹಾಗಿಲ್ಲ.

ಹಾಸನಾಂಬೆ ಬಾಗಿಲು ಹಾಕಿ, ದೀಪಾವಳಿ ಬಟ್ಟೆಗಳನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಕತ್ತರಿಸುವ ಮೊದಲು ಸರ್ಜನ್ನರು ಪೆನ್ನಿನಿಂದ ಹುಣ್ಣಿನ ಸುತ್ತ ಗೆರೆ ಹಾಕಿದರು. ಹುಣ್ಣಿಗೂ ಗೆರೆಗೂ ನಡುವೆ ಒಂದು ಸೆಂಟಿಮೀಟರ್ ಒಳ್ಳೆಯ ಚರ್ಮ. ರವಿಕೆಗೆ ನಾವು ಒಳಗೆ ಬಟ್ಟೆ ಬಿಡುವ ಹಾಗೇ ಅನ್ನಿಸಿತು, ಹೇಳಿದೆ, ನಕ್ಕರು. ಇನ್ನೊಂದು ಕೇಳಿ. ತೆಗೆದ ತುಂಡಿಗೆ ಅವರು ಎರಡು ದಾರ ಹಾಕಿ ಲ್ಯಾಬಿಗೆ ಕಳಿಸ್ತಾರೆ. ಮೇಲ್ಭಾಗಕ್ಕೆ ಗಿಡ್ಡ ದಾರ, ಪಕ್ಕಕ್ಕೆ ಉದ್ದ ದಾರ. ಯಾವುದಾದರೂ ಅಂಚಿನಲ್ಲಿ ರೋಗ ಉಳಿದಿದ್ದರೆ ಮೈಯ ಯಾವ ಬದಿಯದು ಅಂತ ಅದರಿಂದ ಗೊತ್ತಾಗುತ್ತೆ. ಈ ಗುರುತಿನ ದಾರದ ವಿಷಯ ಕೇಳಿದ ಮೇಲೆ ನನಗೆ ಆ ಡಾಕ್ಟರ ಮೇಲೆ ಪೂರ್ತಿ ಭರವಸೆ ಬಂತು. ಎರಡನೇ ರಿಪೋರ್ಟಿನಲ್ಲಿ ಅಂಚುಗಳೆಲ್ಲ ಶುದ್ಧ ಅಂತ ಬಂತು, ಗಂಟುಗಳಲ್ಲೂ ಏನೂ ಇರಲಿಲ್ಲ. ನನಗೆ ಕರೆಂಟು ಕೊಡುವುದು, ಅಂದರೆ ರೇಡಿಯೇಷನ್, ಕೀಮೋ ಎರಡೂ ಬೇಕಾಗಲಿಲ್ಲ. ನಿಮ್ಮತ್ತೆಗೆ ಬೇಕೋ ಬೇಡವೋ ಅವರ ರಿಪೋರ್ಟೇ ಹೇಳಬೇಕು.

ತೊಡೆಯಿಂದ ತೆಳು ಪದರ ಎತ್ತಿ ಸೊಂಟಕ್ಕೆ ಚರ್ಮ ಕಸಿ ಮಾಡಿದರು. ಅದು ಅಲುಗದ ಹಾಗೆ ಮೇಲೆ ಹತ್ತಿಯ ಉಂಡೆ ಇಟ್ಟು ದಾರದಲ್ಲಿ ಬಿಗಿದು ಕಟ್ಟಿದ್ದರು. ಎಲ್ಲರೂ ಸೊಂಟ ಹೇಗಿದೆ ಅಂತ ಕೇಳುವವರೇ. ನೋಯುತ್ತಿದ್ದದ್ದು ತೊಡೆ! ಚರ್ಮ ಕೊಟ್ಟ ಜಾಗ ರಸ ಒಸರಿ, ಉರಿದು, ಆಮೇಲೆ ಪ್ರಾಣ ಹೋಗುವಷ್ಟು ಕಡಿತ. ಅಲ್ಲಿಯ ಬ್ಯಾಂಡೇಜನ್ನು ಕೀಳಬೇಡಿ, ಎರಡು ವಾರದ ಹೊತ್ತಿಗೆ ತಾನೇ ಬಿಡುತ್ತೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹತೋಟಿಗೆ ತನ್ನಿ, ಕಸಿ ಹಿಡಿಯುವುದು ಅದರ ಮೇಲೂ ಇದೆ. ಹಿಡಿದ ಮೇಲೂ ಆ ಚರ್ಮ ಬೆವರುವುದಿಲ್ಲ, ಜಿಡ್ಡೂ ಇರುವುದಿಲ್ಲ. ನಾನು ಸ್ನಾನ ಆದ ಮೇಲೆ ಕೊಬ್ಬರಿ ಎಣ್ಣೆ ಸವರ್ತೀನಿ. ಈಗಲೂ ಮೂರು ತಿಂಗಳಿಗೊಮ್ಮೆ ಕಂಕುಳು, ತೊಡೆಸಂದು ತೋರಿಸಿಕೊಂಡು ಬರ್ತೀನಿ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ಮಾಡಿಸಿ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಯಾಪ್ಸಿ ರಿಪೋರ್ಟಿನ ಜೊತೆ ಗಾಜಿನ ಸ್ಲೈಡು, ತೆಗೆದ ಚರ್ಮದ ಚೂರು ಹುದುಗಿಸಿಟ್ಟ ಮೇಣದ ಬ್ಲಾಕು ಕೇಳಿ ಇಸ್ಕೊಳ್ಳಿ. ದೊಡ್ಡಾಸ್ಪತ್ರೆಯವರು ಅವನ್ನು ತಾವೇ ಮತ್ತೆ ನೋಡ್ತಾರೆ.

ಇನ್ನು ಸೀರೆ. ಗಾಯ ಪೂರ್ತಿ ಮಾಯುವ ತನಕ ನೈಟಿಯೇ. ಆಮೇಲೆ ಲಾಡಿ ಲಂಗ ಮಾತ್ರ ಬೇಡ. ಸೊಂಟಕ್ಕೆ ನಾಲ್ಕು ಬೆರಳಗಲದ ಮೆತ್ತನೆ ಹತ್ತಿ ಪಟ್ಟಿ ಕೊಡಿಸಿ, ಹಿಂದೆ ಮಾತ್ರ ಸ್ವಲ್ಪ ಅಗಲದ ಎಲಾಸ್ಟಿಕ್, ಮುಂದೆ ಹುಕ್ಕು. ಭಾರ ಒಂದು ಗೆರೆ ಮೇಲೆ ಬೀಳದೆ ಸುತ್ತಲೂ ಹಂಚಿಹೋಗುತ್ತೆ. ರೇಷ್ಮೆ ಸೀರೆ ತೂಕಕ್ಕೆ ಇದು ನಿಲ್ಲಲ್ಲ ಅನ್ನುವ ಟೈಲರುಗಳಿದ್ದಾರೆ, ನಂಬಬೇಡಿ, ನಿಲ್ಲುತ್ತೆ. ಅತ್ತೆಯ ಸೊಂಟದ ಸುತ್ತಳತೆ, ಉದ್ದ ಬರೆದು ಪತ್ರಿಕೆಗೆ ಕಳಿಸಿ, ನಾನೇ ಎರಡು ಹೊಲಿದುಕೊಡ್ತೀನಿ. ಆದರೆ ಅಳತೆಯ ಜೊತೆಗೆ ಬಯಾಪ್ಸಿ ಯಾವತ್ತು ಆಯಿತು ಅಂತಲೂ ಬರೆದಿರಬೇಕು.
– ಒಬ್ಬ ಟೈಲರ್, ಹಾಸನ