ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ಪೋಸ್ಟ್ ಹಾಕಲು ಸರಿಯಾದ ಹೊತ್ತು ಯಾವುದು?

ನೀವು ಕೇಳಿರುವುದು ಇಷ್ಟು: ಹುಬ್ಬಳ್ಳಿಯಿಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಮಾರುವ ಪುಟ, 4,000 ಫಾಲೋವರ್ಸ್. ‘ರಾತ್ರಿ 9ಕ್ಕೆ ಹಾಕಿ’ ಎಂಬ ಮಾತು ನಂಬಿ ದಿನಾ 9ಕ್ಕೇ ಹಾಕುತ್ತಿದ್ದೀರಿ, ಆದರೂ ಲೈಕ್, ಕಮೆಂಟ್ ಏರುತ್ತಿಲ್ಲ. ಹಾಗಾದರೆ ಸರಿಯಾದ ಹೊತ್ತು ಯಾವುದು?

ರಾತ್ರಿ 9 ಕೆಟ್ಟ ಹೊತ್ತೇನಲ್ಲ. ಆದರೆ ಅದೇ ಸಲಹೆ ಕೇಳಿದ ಬೇರೆ ಸೀರೆ ಪುಟಗಳೂ ಅದೇ 9ಕ್ಕೇ ಹಾಕುತ್ತಿರುತ್ತವೆ. ನಿಮ್ಮ ಗಿರಾಕಿಗಳು ಆಗ ಊಟ ಬಡಿಸುತ್ತಿರುತ್ತಾರೋ, ಧಾರಾವಾಹಿ ನೋಡುತ್ತಿರುತ್ತಾರೋ ಸಲಹೆ ಕೊಟ್ಟವರಿಗೆ ಗೊತ್ತಿರುವುದಿಲ್ಲ. ನನ್ನ ಉತ್ತರ ಬೇರೆ: ನಿಮ್ಮ ಫಾಲೋವರ್ಸ್ ಹೆಚ್ಚು ಸೇರುವ ಹೊತ್ತಿಗಿಂತ ಅರ್ಧದಿಂದ ಒಂದು ಗಂಟೆ ಮುಂಚೆ ಹಾಕಿ. ಅದರಲ್ಲೂ ಪೋಸ್ಟ್ ಹಾಕಿದ ಮೇಲೆ ಒಂದು ಗಂಟೆ ಫೋನ್ ಕೈಯಲ್ಲಿ ಹಿಡಿದು ಕೂರಲು ಆಗುವ ಹೊತ್ತನ್ನೇ ಆರಿಸಿ. ಸೀರೆ ಮಾರುವವರಿಗೆ ಈ ಎರಡನೆಯದೇ ದೊಡ್ಡದು. ‘ಬೆಲೆ ಎಷ್ಟು?’ ಎಂದು ಕೇಳಿದವರಿಗೆ ಮರುದಿನ ಬೆಳಗ್ಗೆ ಉತ್ತರ ಹೋದರೆ, ಅಷ್ಟರಲ್ಲಿ ಅವರು ಇನ್ನೊಂದು ಪುಟದಲ್ಲಿ ಹಣ ಕಟ್ಟಿರುತ್ತಾರೆ.

ಹೊತ್ತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನೂ ತಿಳಿದಿರಿ. 2016ರವರೆಗೆ ಇನ್‌ಸ್ಟಾಗ್ರಾಮ್‌ನಲ್ಲಿ ಹೊಸ ಪೋಸ್ಟ್ ಮೇಲೆ, ಹಳೆಯದು ಕೆಳಗೆ ಬರುತ್ತಿತ್ತು. ಆ ವರ್ಷದಿಂದ ಕ್ರಮ ಬದಲಾಯಿತು. ಈಗ ಪೋಸ್ಟ್ ಎಷ್ಟು ಹೊಸದು ಎಂಬುದು ಹಲವು ಲೆಕ್ಕಗಳಲ್ಲಿ ಒಂದು ಅಷ್ಟೆ. ನೋಡುವವರು ಮೊದಲು ನಿಮ್ಮ ಪೋಸ್ಟ್‌ಗಳಿಗೆ ಸ್ಪಂದಿಸಿದ್ದಾರಾ, ಇಂಥ ಚಿತ್ರಗಳ ಮುಂದೆ ನಿಲ್ಲುತ್ತಾರಾ, ಸೇವ್ ಮಾಡುತ್ತಾರಾ, ಗೆಳತಿಗೆ ಕಳಿಸುತ್ತಾರಾ ಎಂಬುದೆಲ್ಲ ಸೇರುತ್ತದೆ. 2022ರಲ್ಲಿ ಬರೀ ಸಮಯದ ಕ್ರಮದಲ್ಲಿ ನೋಡುವ ‘ಫಾಲೋಯಿಂಗ್’ ಆಯ್ಕೆ ಮರಳಿ ಬಂತು, ಆದರೆ ಆ್ಯಪ್ ತೆರೆದ ಕೂಡಲೇ ಕಾಣುವುದು ಅದಲ್ಲ. ಹಾಗಾಗಿ ಹೊತ್ತು ಸರಿಯಾಗಿದ್ದರೆ ಮೊದಲ ನೋಡುಗರು ಬೇಗ ಸಿಗುತ್ತಾರೆ, ಅವರು ನಿಂತು ನೋಡಿದರೆ ಪೋಸ್ಟ್ ಮುಂದಕ್ಕೆ ಹೋಗುತ್ತದೆ. ಮಂಕಾದ ಟ್ಯೂಬ್‌ಲೈಟ್ ಕೆಳಗೆ ಮಡಚಿಟ್ಟ ಸೀರೆಯ ಫೋಟೊ ತೆಗೆದು ಹಾಕಿದರೆ ಯಾವ ಮುಹೂರ್ತವೂ ಅದನ್ನು ಎತ್ತುವುದಿಲ್ಲ.

ಮೊದಲು ನಿಮ್ಮದೇ ಲೆಕ್ಕ ನೋಡಿ. ಖಾತೆ ಪ್ರೊಫೆಷನಲ್ ಆಗಿರಬೇಕು, ಬಿಸಿನೆಸ್ ಆದರೂ ಸರಿ, ಕ್ರಿಯೇಟರ್ ಆದರೂ ಸರಿ, ಹಣ ಕೊಡಬೇಕಿಲ್ಲ. ಪುಟದ ಅಂಕಿಅಂಶ ತೋರಿಸುವ ಇನ್‌ಸೈಟ್ಸ್ ತೆರೆದು ಫಾಲೋವರ್ಸ್ ಮೇಲೆ ಒತ್ತಿ ಕೆಳಗೆ ಸರಿಸಿದರೆ ‘ಮೋಸ್ಟ್ ಆ್ಯಕ್ಟಿವ್ ಟೈಮ್ಸ್’ ಎಂಬ ಕಂಬಗಳ ಚಿತ್ರ ಸಿಗುತ್ತದೆ. ಗಂಟೆಗಳ ಲೆಕ್ಕ ಒಂದು, ವಾರದ ದಿನಗಳ ಲೆಕ್ಕ ಇನ್ನೊಂದು. ಒಂದು ದಿನದ್ದು ನೋಡಿ ತೀರ್ಮಾನಿಸಬೇಡಿ, ಏಳೂ ದಿನದ್ದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಭಾನುವಾರದ ಚಿತ್ರ ಮಂಗಳವಾರದಂತೆ ಇರುವುದು ಅಪರೂಪ. ಅದೇ ಜಾಗದಲ್ಲಿ ಊರುಗಳ ಪಟ್ಟಿಯೂ ಇದೆ, ಅದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಕಂಬಗಳನ್ನು ಓದುವಾಗ ಬಹಳ ಜನ ಎಡವುತ್ತಾರೆ. ಅದು ತೋರಿಸುವುದು ಫಾಲೋವರ್ಸ್ ಆ್ಯಪ್‌ನಲ್ಲಿ ಇದ್ದ ಹೊತ್ತನ್ನು, ನಿಮ್ಮ ಸೀರೆ ಕೊಳ್ಳುವ ಮನಸ್ಸಿನಲ್ಲಿದ್ದ ಹೊತ್ತನ್ನಲ್ಲ. ಸಂಜೆ 6ರ ಕಂಬಕ್ಕೂ 9ರ ಕಂಬಕ್ಕೂ ಕೂದಲೆಳೆಯ ವ್ಯತ್ಯಾಸವಿದ್ದರೆ ಅದಕ್ಕೆ ಅರ್ಥವೇ ಇಲ್ಲ ಅನ್ನಿ. ಇನ್ನು ಇದುವರೆಗೆ ಎಲ್ಲವನ್ನೂ 9ಕ್ಕೇ ಹಾಕಿರುವ ನೀವು ಹಳೆಯ ಪೋಸ್ಟ್‌ಗಳನ್ನು ನೋಡಿ ‘9ಕ್ಕೆ ಹಾಕಿದ್ದೇ ಹೆಚ್ಚು ಓಡಿದೆ’ ಎಂದರೆ ಅದೂ ಲೆಕ್ಕಕ್ಕೆ ಬಾರದು. ಹೋಲಿಸಲು ಬೇರೆ ಹೊತ್ತಿನ ಪೋಸ್ಟ್ ಎಲ್ಲಿದೆ?

ಆದ್ದರಿಂದ ನಾಲ್ಕು ವಾರ ಒಂದು ಪ್ರಯೋಗ ಮಾಡಿ. ಎರಡೇ ಹೊತ್ತು ಆರಿಸಿಕೊಳ್ಳಿ. ಸೀರೆ ಪುಟಕ್ಕೆ ನಾನಾದರೆ ಮಧ್ಯಾಹ್ನ 1:30 ಮತ್ತು ರಾತ್ರಿ 7:45ರಿಂದ ಶುರು ಮಾಡುತ್ತೇನೆ. ಮೊದಲನೆಯದು ಶಾಲೆ, ಬ್ಯಾಂಕ್, ಆಫೀಸಿನವರ ಊಟದ ಬಿಡುವು, ಮನೆಯಲ್ಲಿ ಕೆಲಸ ಮುಗಿಸಿದವರಿಗೂ ಸ್ವಲ್ಪ ಪುರುಸೊತ್ತು. ಎರಡನೆಯದು 9ರ ಗುಂಪು ಬರುವ ಮುಂಚೆ ಒಂದಷ್ಟು ಲೈಕು, ಪ್ರಶ್ನೆ ಬಿದ್ದಿರಲಿ ಎಂದು. ನಿಮ್ಮ ಕಂಬಗಳು ಬೇರೆ ಹೇಳಿದರೆ ಕಂಬಗಳ ಮಾತೇ ಕೇಳಿ. ವಾರಕ್ಕೆ ನಾಲ್ಕು ಪೋಸ್ಟ್: ಸೋಮವಾರ, ಗುರುವಾರ ಮಧ್ಯಾಹ್ನ, ಮಂಗಳವಾರ, ಶುಕ್ರವಾರ ರಾತ್ರಿ. ಮುಂದಿನ ವಾರ ಅದಲುಬದಲು ಮಾಡಿ. ಇಲ್ಲದಿದ್ದರೆ ಗೆದ್ದದ್ದು ಶುಕ್ರವಾರವೋ ರಾತ್ರಿಯೋ ತಿಳಿಯುವುದಿಲ್ಲ. ಒಟ್ಟು 16 ಪೋಸ್ಟ್, ಒಂದೊಂದು ಹೊತ್ತಿಗೆ ಎಂಟು.

ಬದಲಾಗಬೇಕಾದದ್ದು ಹೊತ್ತು ಮಾತ್ರ. 16 ಪೋಸ್ಟ್‌ಗಳೂ ಒಂದೇ ಬಗೆಯವಾಗಿರಲಿ. ಐದು ಫೋಟೊಗಳ ಸಾಲು ಎಂದಿಟ್ಟುಕೊಳ್ಳಿ: ಉಟ್ಟಿದ್ದು ಒಂದು, ದಡಿ ಒಂದು, ಇಳಕಲ್‌ನ ತೋಪು ತೆನಿ ವಿನ್ಯಾಸದ ಸೆರಗು ಒಂದು, ಹಗಲು ಬೆಳಕಿನಲ್ಲಿ ಸೀರೆಯ ಮೈಯ ಬಣ್ಣ ಒಂದು, ಜೊತೆಗಿಡುವ ಖಣ ಒಂದು. ಬೆಲೆ ಬರೆಯುವುದಾದರೆ ಎಲ್ಲದರಲ್ಲೂ ಬರೆಯಿರಿ, ಇಲ್ಲವಾದರೆ ಎಲ್ಲೂ ಬೇಡ. ಬೆಲೆ ಮುಚ್ಚಿಟ್ಟ ಪೋಸ್ಟ್‌ಗೆ ‘ರೇಟ್ ಪ್ಲೀಸ್’ ಕಮೆಂಟ್‌ಗಳೇ ರಾಶಿ ಬೀಳುತ್ತವೆ, ಅದನ್ನು ಹೊತ್ತಿನ ಮಹಿಮೆ ಎಂದುಕೊಂಡರೆ ಕೆಟ್ಟಿರಿ.

ಪೋಸ್ಟ್ ಹಾಕಿ ಸರಿಯಾಗಿ 24 ಗಂಟೆಗೆ ಅಂಕಿಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಫೋನ್‌ನಲ್ಲಿ ಅಲಾರಂ ಇಟ್ಟರೂ ಆಯಿತು. ಇನ್‌ಸೈಟ್ಸ್‌ನ ಅಂಕಿ ಏರುತ್ತಲೇ ಇರುತ್ತದೆ, ಮೊನ್ನೆಯ ಪೋಸ್ಟನ್ನೂ ಹೋದ ತಿಂಗಳಿನದನ್ನೂ ಈಗ ಪಕ್ಕಪಕ್ಕ ಇಟ್ಟರೆ ಹಳೆಯದೇ ಗೆಲ್ಲುತ್ತದೆ. ಬರೆಯಬೇಕಾದದ್ದು ರೀಚ್ (ಎಷ್ಟು ಜನರಿಗೆ ತಲುಪಿತು), ಸೇವ್, ಶೇರ್, ಮತ್ತು ಬೆಲೆ ಅಥವಾ ಸ್ಟಾಕ್ ಕೇಳಿ ಬಂದ ಮೆಸೇಜ್‌ಗಳ ಸಂಖ್ಯೆ. ವ್ಯೂಸ್ ಬೇಡ. ಒಬ್ಬರೇ ಮೂರು ಸಲ ನೋಡಿದರೆ ವ್ಯೂಸ್ ಮೂರು ಆಗುತ್ತದೆ, ರೀಚ್ ಒಂದೇ.

ಲೆಕ್ಕ ಹಾಕುವಾಗ ಸರಾಸರಿಗೆ ಹೋಗಬೇಡಿ. ಉದಾಹರಣೆಗೆ ಐದು ಪೋಸ್ಟ್‌ಗಳ ರೀಚ್ 620, 580, 710, 4,900, 640 ಎಂದಿರಲಿ. ಸರಾಸರಿ 1,490 ಬರುತ್ತದೆ, ಆದರೆ ಐದರಲ್ಲಿ ನಾಲ್ಕು ಪೋಸ್ಟ್‌ಗಳು ಅದರ ಅರ್ಧಕ್ಕೂ ಮುಟ್ಟಿಲ್ಲ. ಯಾರೋ ಹೆಸರಾಂತರು ಶೇರ್ ಮಾಡಿದ ಒಂದು ಪೋಸ್ಟ್ ಇಡೀ ಲೆಕ್ಕ ಕೆಡಿಸಿದೆ. ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 640, ಅದೇ ನಿಮ್ಮ ನಿಜವಾದ ಮಟ್ಟ. ನಿಮ್ಮ ಎಂಟು ಪೋಸ್ಟ್‌ಗಳಲ್ಲಾದರೆ ನಡುವಿನ ಎರಡನ್ನು ಕೂಡಿಸಿ ಅರ್ಧ ಮಾಡಿ. ಎರಡು ಹೊತ್ತುಗಳ ಇಂಥ ನಡುವಿನ ಅಂಕಿಗಳಲ್ಲಿ ಐದನೇ ಒಂದು ಪಾಲಿಗಿಂತ ಕಡಿಮೆ ಅಂತರವಿದ್ದರೆ ಎರಡೂ ಹೊತ್ತು ಒಂದೇ ಎಂದು ಬಿಟ್ಟುಬಿಡಿ. ಎಂಟೆಂಟು ಪೋಸ್ಟ್‌ಗಳಿಂದ ಅದಕ್ಕಿಂತ ಸೂಕ್ಷ್ಮವಾದದ್ದು ತಿಳಿಯುವುದಿಲ್ಲ. ಆಗ ನಿಮಗೆ ಬಿಡುವಿರುವ ಹೊತ್ತೇ ಒಳ್ಳೆಯ ಹೊತ್ತು. ಐಪಿಎಲ್ ನಡೆಯುತ್ತಿದ್ದರೆ ಆರ್‌ಸಿಬಿ ಪಂದ್ಯದ ದಿನದ ಪೋಸ್ಟನ್ನು ಲೆಕ್ಕದಿಂದ ತೆಗೆದು ಬೇರೆ ದಿನ ಇನ್ನೊಂದು ಹಾಕಿ, 7:30ಕ್ಕೆ ಪಂದ್ಯ ಶುರುವಾದ ಸಂಜೆ ಬೇರೆ ಸಂಜೆಗಳಂತಲ್ಲ.

ಪೋಸ್ಟ್ ಹಾಕಿದ ಅರ್ಧ ಗಂಟೆಯಲ್ಲಿ ಲೈಕ್ ಬರಲಿಲ್ಲವೆಂದು ಅಳಿಸಿ ಮತ್ತೆ ಹಾಕುವ ಚಾಳಿ ಇದ್ದರೆ ಬಿಡಿ. ಬಂದಿದ್ದ ನಾಲ್ಕು ಕಮೆಂಟು, ಸೇವ್ ಎಲ್ಲ ಅದರ ಜೊತೆಗೇ ಹೋಗುತ್ತವೆ.

ಎಲ್ಲ ಬಗೆಯ ಪೋಸ್ಟ್‌ಗೂ ಹೊತ್ತಿನ ತೂಕ ಒಂದೇ ಅಲ್ಲ. ರೀಲ್ಸ್‌ಗೆ ಅತಿ ಕಡಿಮೆ: ಅದನ್ನು ನಿಮ್ಮ ಫಾಲೋವರ್ಸ್ ಅಲ್ಲದವರಿಗೂ ತೋರಿಸುತ್ತಾರೆ, ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಓಡುತ್ತದೆ. ಸ್ಟೋರಿ 24 ಗಂಟೆ ಇರುತ್ತದೆ. ಒಂದೇ ಸಲಕ್ಕೆ ಹನ್ನೆರಡು ಸೀರೆ ಸುರಿದರೆ ನಾಲ್ಕನೆಯದಕ್ಕೇ ಜನ ಮುಂದಿನವರ ಸ್ಟೋರಿಗೆ ಜಾರುತ್ತಾರೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಮೂರು ಹಾಕಿ. ಹೊತ್ತೇ ಸರ್ವಸ್ವ ಎನ್ನಬಹುದಾದದ್ದು ಲೈವ್ ಮಾರಾಟ. ಸೀರೆಗೆ ನಂಬರ್ ಕೊಟ್ಟು, ಕಮೆಂಟ್‌ನಲ್ಲಿ ‘ಬುಕ್’ ಎಂದವರಿಗೆ ತೆಗೆದಿಡುವ ಪದ್ಧತಿ ನಿಮ್ಮಲ್ಲಿದ್ದರೆ ವಾರಕ್ಕೊಂದೇ ಲೈವ್ ಮಾಡಿ, ಆದರೆ ಪ್ರತಿ ವಾರವೂ ಅದೇ ದಿನ, ಅದೇ ಗಂಟೆ ಇರಲಿ. ಹಿಂದಿನ ದಿನ ಒಮ್ಮೆ, ಅರ್ಧ ಗಂಟೆ ಮುಂಚೆ ಒಮ್ಮೆ ಸ್ಟೋರಿಯಲ್ಲಿ ತಿಳಿಸಿ. ಜನ ಸೇರಲು ಹತ್ತು ನಿಮಿಷವಾದರೂ ಬೇಕು, ಒಳ್ಳೆಯ ಸೀರೆಗಳನ್ನು ಆ ಹತ್ತು ನಿಮಿಷದಲ್ಲಿ ಖರ್ಚು ಮಾಡಬೇಡಿ.

ಶುಕ್ರವಾರ 10:30ರಿಂದ 12 ರಾಹುಕಾಲ, ಆಗ ಪೋಸ್ಟ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಯಾರಿಗೆ ಯಾವ ಪೋಸ್ಟ್ ತೋರಿಸಬೇಕೆಂದು ಆರಿಸುವ ಅಲ್ಗಾರಿದಮ್‌ಗೆ ರಾಹುಕಾಲವಿಲ್ಲ, ಹಣ ಕಳಿಸುವ ಗಿರಾಕಿಗೆ ಇರಬಹುದು. ಫೋಟೊ ಹಾಕಿ, ‘ಈಗಲೇ ಪೇಮೆಂಟ್ ಮಾಡಿ’ ಅನ್ನುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಗಂಟೆಗಿಂತ ತಿಂಗಳ ಲೆಕ್ಕ ತಪ್ಪುವುದೇ ನಿಮ್ಮ ವ್ಯಾಪಾರದಲ್ಲಿ ದೊಡ್ಡ ನಷ್ಟ. ಹಬ್ಬದ ಸೀರೆಯನ್ನು ಹಬ್ಬದ ವಾರ ತೋರಿಸಿದರೆ ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ. ಕೊರಿಯರ್‌ಗೆ ನಾಲ್ಕೈದು ದಿನ, ಫಾಲ್, ಗೊಂಡೆ, ಬ್ಲೌಸ್‌ಗೆ ಟೈಲರ್ ಹತ್ತು-ಹದಿನೈದು ದಿನ ಕೇಳುತ್ತಾರೆ, ಶ್ರಾವಣದಲ್ಲಿ ಇನ್ನೂ ಹೆಚ್ಚು. 2025ರ ಲೆಕ್ಕವನ್ನೇ ನೋಡಿ: ನಾಗರ ಪಂಚಮಿ ಜುಲೈ 29, ವರಮಹಾಲಕ್ಷ್ಮಿ ಆಗಸ್ಟ್ 8. ನಿಮ್ಮ ಕಡೆ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳ ಸೀರೆ ಹೋಗಬೇಕಾದರೆ ಜುಲೈ ಮೊದಲ ವಾರದಲ್ಲೇ ಕಣ್ಣಿಗೆ ಬಿದ್ದಿರಬೇಕು. ಆದರೆ ಅದು ನಟ್ಟನಡು ಆಷಾಢ, ಹಲವರು ಹೊಸದು ಕೊಳ್ಳಲು ಹಿಂಜರಿಯುತ್ತಾರೆ. ಆಗ ಲೈಕ್ ಕಡಿಮೆ ಇದ್ದರೂ ಸೇವ್ ಎಷ್ಟಾಯಿತು ನೋಡಿ, ಶ್ರಾವಣ ಹುಟ್ಟಿದ ದಿನ ಸೇವ್ ಹೆಚ್ಚಿದ್ದ ಸೀರೆಗಳನ್ನೇ ಸ್ಟೋರಿಯಲ್ಲಿ ಮತ್ತೆ ತೋರಿಸಿ. ಪಿತೃಪಕ್ಷಕ್ಕೂ ಇದೇ ಉಪಾಯ, ಅದರ ಬೆನ್ನಿಗೇ ನವರಾತ್ರಿ ಬರುತ್ತದೆ. ಊರುಗಳ ಪಟ್ಟಿಯಲ್ಲಿ ಸೊಲ್ಲಾಪುರ, ಕೊಲ್ಹಾಪುರ, ಪುಣೆ ಮೇಲಿದ್ದರೆ ಯುಗಾದಿ ಪೋಸ್ಟ್‌ನಲ್ಲಿ ಗುಡಿ ಪಾಡವಾ ಎಂದೂ ಬರೆಯಿರಿ, ದಿನ ಒಂದೇ.

ಪಟ್ಟಿಯಲ್ಲಿ ಹೊರದೇಶದ ಊರುಗಳಿದ್ದರೆ ಅವರಿಗೆ ಬೇರೆ ಹೊತ್ತು ಬೇಕು. ನಮ್ಮ ರಾತ್ರಿ 9 ಎಂದರೆ ದುಬೈನಲ್ಲಿ 7:30, ಚೆನ್ನಾಗಿಯೇ ಇದೆ. ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಬೆಳಗ್ಗೆ 11:30, ಚಳಿಗಾಲವಾದರೆ 10:30, ಆಫೀಸಿನ ಹೊತ್ತು. ಅಮೆರಿಕದವರಿಗೆ ನಮ್ಮ ಶನಿವಾರ ಬೆಳಗ್ಗೆ 8 ಒಳ್ಳೆಯದು: ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಶುಕ್ರವಾರ ಸಂಜೆ 7:30, ನ್ಯೂಜೆರ್ಸಿಗೆ ರಾತ್ರಿ 10:30. ಮಾರ್ಚ್ ಎರಡನೇ ಭಾನುವಾರ ಅವರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಹೊರದೇಶಕ್ಕೆ ಕಳಿಸುವ ವ್ಯವಸ್ಥೆಯೇ ಇಲ್ಲದಿದ್ದರೆ ಈ ಕಸರತ್ತು ಬೇಡ.

ಶೆಡ್ಯೂಲ್ ಮಾಡಿದರೆ ರೀಚ್ ಬೀಳುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಪ್ರೊಫೆಷನಲ್ ಖಾತೆಯಲ್ಲಿ ಆ್ಯಪ್ ಒಳಗಿನಿಂದಲೇ 75 ದಿನ ಮುಂಚಿತವಾಗಿ ಸಮಯ ನಿಗದಿ ಮಾಡಬಹುದು, ಶೇರ್ ಒತ್ತುವ ಪರದೆಯಲ್ಲೇ ಆ ಆಯ್ಕೆ ಇದೆ. ಕಂಪ್ಯೂಟರ್‌ನಲ್ಲಿ ಮಾಡುವವರಿಗೆ ಮೆಟಾ ಬಿಸಿನೆಸ್ ಸೂಟ್ ಉಚಿತ. ಬೀಳುವುದು ಶೆಡ್ಯೂಲ್‌ನಿಂದಲ್ಲ, ಪೋಸ್ಟ್ ತಾನೇ ಹೋಗುತ್ತದೆಂದು ಫೋನ್ ಬದಿಗಿಟ್ಟು ಮಲಗುವುದರಿಂದ.

ಸಾಲಾಗಿ ಶೆಡ್ಯೂಲ್ ಮಾಡಿಟ್ಟವರು ಒಂದು ಕಣ್ಣು ಸುದ್ದಿಯ ಮೇಲೆ ಇಟ್ಟಿರಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದೀಪಾವಳಿಗೆ ಇನ್ನು ಆರೇ ದಿನವಿತ್ತು, ಹಬ್ಬದ ಪೋಸ್ಟ್‌ಗಳು ಸರದಿಯಲ್ಲಿರುವ ಕಾಲ. 2025ರ ಜೂನ್ 4ರಂದು ಬೆಳಗ್ಗೆ ಆರ್‌ಸಿಬಿ ಕಪ್‌ನ ಸಂಭ್ರಮ, ಸಂಜೆಗೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಬೆಳಗ್ಗೆ ನಿಗದಿ ಮಾಡಿದ ‘ಗೆಲುವಿನ ಆಫರ್’ ರಾತ್ರಿ 8ಕ್ಕೆ ತಾನಾಗಿ ಹೊರಬಿದ್ದರೆ ಜನ ಅದನ್ನು ಮರೆಯುವುದಿಲ್ಲ. ಸರದಿಯಲ್ಲಿರುವ ಪೋಸ್ಟ್‌ಗಳು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಶೆಡ್ಯೂಲ್ಡ್ ಕಂಟೆಂಟ್ ಎಂಬಲ್ಲಿ ಸಿಗುತ್ತವೆ, ಅಲ್ಲಿಂದಲೇ ದಿನ ಮುಂದೂಡಬಹುದು. ಅದು ಎಲ್ಲಿದೆ ಎಂದು ಇವತ್ತೇ ಒಮ್ಮೆ ತೆರೆದು ನೋಡಿಟ್ಟುಕೊಳ್ಳಿ, ಜೊತೆಗೆ ಪುಟ ನೋಡಿಕೊಳ್ಳುವ ಇನ್ನೊಬ್ಬರಿಗೂ ತೋರಿಸಿಡಿ.